ಥೇಮ್ಸ್ ನದಿಯ ಮೇಲೆ ಯಾರ ಹಾದಿ?

ಇಂಗ್ಲೆಂಡಿನ ಹೆನ್ಲಿ ಎಂಬ ಪುಟ್ಟ ಊರಿನಲ್ಲಿ ಥೇಮ್ಸ್ ನದಿಗೆ ಐದು ಕಮಾನಿನ ಕಲ್ಲುಸೇತುವೆಯೊಂದಿದೆ. 1786ರಲ್ಲಿ ಮುಗಿದದ್ದು. ಅದರ ನಡುಗಮಾನಿನ ಎರಡು ಪಕ್ಕಕ್ಕೂ ಒಂದೊಂದು ಮುಖವನ್ನು ಕೆತ್ತಿದ್ದಾರೆ. ಹೊಳೆ ಬರುವ ಕಡೆಗೆ ನೋಡುವವಳು ಐಸಿಸ್. ಹರಿದುಹೋಗುವ ಕಡೆಗೆ ನೋಡುವವನು ಗಡ್ಡದ ಥೇಮ್ಸಪ್ಪ. ನಾನು ಆ ಸೇತುವೆಯ ಮೇಲೆ ನಿಂತದ್ದು ದೋಣಿಪಂದ್ಯದ ದಿನಗಳಲ್ಲಿ. ಥೇಮ್ಸಪ್ಪನ ಕಣ್ಣೆದುರಿಗೆ ನೀರಿನಲ್ಲಿ ಗೂಟಗಳ ಸಾಲು, ಗೂಟದಿಂದ ಗೂಟಕ್ಕೆ ತೇಲುವ ಮರದ ತೊಲೆಗಳು. ತೊಲೆಗಳ ಒಳಗೆ ಹುಟ್ಟು ಹಾಕುವವರ ದೋಣಿಗಳು ಬಾಣದಂತೆ ಹೋಗುತ್ತಿದ್ದವು. ಹೊರಗಿನ ಇಕ್ಕಟ್ಟಾದ ಹಾದಿಯಲ್ಲಿ ಮೋಟಾರು ದೋಣಿಗಳು ಒಂದರ ಹಿಂದೊಂದು, ಸಂತೆಯಿಂದ ಹಿಂದಿರುಗುವ ಗಾಡಿಗಳಂತೆ ತೆವಳುತ್ತಿದ್ದವು. ಹೊಳೆಗೇ ಬೇಲಿ ಹಾಕಿದ್ದಾರಲ್ಲ, ಇದಕ್ಕೆ ಅಪ್ಪಣೆ ಕೊಟ್ಟವರು ಯಾರು, ಖರ್ಚು ಕೊಡುವವರು ಯಾರು ಎಂಬ ಪ್ರಶ್ನೆ ಆಗಲೇ ನನ್ನನ್ನು ಹಿಡಿಯಿತು.

ನಮಗೆ ನದಿಯ ಜಗಳವೆಂದರೆ ನೀರಿನ ಜಗಳ. ಕಾವೇರಿಯ ವಿಚಾರದಲ್ಲಿ ಮೈಸೂರು ಮದರಾಸುಗಳು 1892ರಲ್ಲಿ ಒಮ್ಮೆ, 1924ರಲ್ಲಿ ಇನ್ನೊಮ್ಮೆ ಒಪ್ಪಂದಕ್ಕೆ ರುಜು ಹಾಕಿದುವು. ಹೆನ್ಲಿಯ ಜಗಳದಲ್ಲಿ ಯಾರೂ ಒಂದು ಚೆಂಬು ನೀರನ್ನು ಕೂಡ ತೆಗೆದುಕೊಳ್ಳುವುದಿಲ್ಲ. ಅಲ್ಲಿ ವ್ಯಾಜ್ಯವೆಲ್ಲ ನೀರಿನ ಮೇಲ್ಮೈಗೆ.

ಆಕ್ಸ್‌ಫರ್ಡ್ ಕೇಂಬ್ರಿಜ್ ವಿದ್ಯಾರ್ಥಿಗಳ ಮೊದಲ ದೋಣಿಪಂದ್ಯ 1829ರಲ್ಲಿ ಹೆನ್ಲಿಯಲ್ಲಿಯೇ ನಡೆಯಿತು. ಜನ ಮುಗಿಬಿದ್ದು ನೋಡಿದರು. ಅಂಗಡಿಯವರೂ ವಸತಿಗೃಹದವರೂ ಇದನ್ನು ಮರೆಯಲಿಲ್ಲ. 1839ರ ಮಾರ್ಚಿಯಲ್ಲಿ ಊರಿನ ಪುರಭವನದಲ್ಲಿ ಸಭೆ ಸೇರಿ, ವರ್ಷಕ್ಕೊಮ್ಮೆ ಪಂದ್ಯ ನಡೆಸಿದರೆ ಊರಿಗೆ ಲಾಭವುಂಟೆಂದು ತೀರ್ಮಾನಿಸಿದರು. ಅದೇ ಜೂನ್ ತಿಂಗಳಲ್ಲಿ ಒಂದು ಮಧ್ಯಾಹ್ನ ಪಂದ್ಯ ನಡೆಯಿತು. ಅರಮನೆಯ ಆಶ್ರಯ ಬಂದದ್ದು 1851ರಲ್ಲಿ. ‘ರಾಯಲ್’ ಎಂಬ ಹೆಸರಿನ ಹಿಂದೆ ವರ್ತಕರ ಲೆಕ್ಕಾಚಾರವಿತ್ತು ಎಂಬುದನ್ನು ನಾನು ದೋಷವಾಗಿ ಹೇಳುತ್ತಿಲ್ಲ. ನಮ್ಮ ಜಾತ್ರೆಗಳ ಕಥೆಯೂ ಅಷ್ಟೇ.

ಆಗ ನದಿಯ ಯಜಮಾನರು ಸರಕಿನ ದೋಣಿಯವರು. ಅವರು ಕೊಡುತ್ತಿದ್ದ ಸುಂಕದಿಂದಲೇ ಲಾಕುಗಳ, ಎಂದರೆ ದೋಣಿಯನ್ನು ಏರಿಸಿ ಇಳಿಸುವ ನೀರುಬಾಗಿಲುಗಳ ದುರಸ್ತಿ ಆಗಬೇಕಾಗಿತ್ತು. ಅಷ್ಟರಲ್ಲಿ ರೈಲು ಬಂದಿತು. ಸರಕು ರೈಲಿಗೆ ಹೋಯಿತು, ಸುಂಕ ಬತ್ತಿತು, ನೀರುಬಾಗಿಲುಗಳು ಕೊಳೆಯತೊಡಗಿದವು. ಹಳೆಯ ಆಡಳಿತ ಮಂಡಳಿ ದಿವಾಳಿಯ ಅಂಚಿಗೆ ಬಂದಾಗ, 1866ರಲ್ಲಿ ಮೇಲ್ಥೇಮ್ಸನ್ನು ಥೇಮ್ಸ್ ಕನ್ಸರ್ವೆನ್ಸಿ ಎಂಬ ಸಂಸ್ಥೆಗೆ ಒಪ್ಪಿಸಿದರು. ಅದಕ್ಕೆ ಹಣ ಕೊಟ್ಟವರಲ್ಲಿ ಲಂಡನ್ನಿಗೆ ಕುಡಿಯುವ ನೀರು ಒದಗಿಸುವ ಕಂಪನಿಗಳೂ ಸೇರಿದ್ದವು. ಎಂದರೆ, ದೋಣಿವಿಹಾರದವರು ಹಾಯುವ ಬಾಗಿಲಿಗೆ ಲಂಡನ್ನಿನಲ್ಲಿ ಕೊಡ ತುಂಬುವ ಗೃಹಿಣಿಯೂ ಒಂದು ಕಾಸು ಕೊಟ್ಟಳು.

ಸರಕು ಕೊಂಡೊಯ್ದ ಅದೇ ರೈಲು, ಭಾನುವಾರದ ಜನರನ್ನು ತಂದಿತು. ಹೆನ್ಲಿಗೆ ಕವಲುಹಾದಿ ಬಂದದ್ದು 1857ರಲ್ಲಿ. ಬಂದವರಲ್ಲಿ ಬಡವರು ಬಾಡಿಗೆಯ ದೋಣಿ ಹತ್ತಿದರು, ಹಣವಂತರು ಉಗಿದೋಣಿ ತಂದರು. ಇಲ್ಲಿಂದ ಜಗಳ ಮೊದಲು. ಎಂಟು ಜನರ ಪಂದ್ಯದೋಣಿ ಸುಮಾರು 60 ಅಡಿ ಉದ್ದ. ಅಗಲವೋ ಒಂದು ಹಲಗೆಯ ಹಾಗೆ. ಅಂಚು ನೀರಿಗಿಂತ ಕೆಲವೇ ಅಂಗುಲ ಮೇಲೆ. ಯಂತ್ರದ ದೋಣಿ ವೇಗವಾಗಿ ಹೋದಷ್ಟೂ ಹಿಂದೆ ಅಲೆ ದೊಡ್ಡದಾಗುತ್ತದೆ. ಆ ಅಲೆ ಸಣ್ಣ ದೋಣಿಯೊಳಗೆ ನುಗ್ಗುತ್ತದೆ, ದಡದ ಮಣ್ಣನ್ನೂ ಕೊರೆಯುತ್ತದೆ. ಜೆರೋಮ್ ಕೆ. ಜೆರೋಮ್ 1889ರಲ್ಲಿ ಪ್ರಕಟಿಸಿದ ದೋಣಿಪ್ರಯಾಣದ ಹಾಸ್ಯಗ್ರಂಥದಲ್ಲಿ ಉಗಿದೋಣಿಗಳನ್ನು ಮನಸಾರ ಶಪಿಸುತ್ತಾನೆ. ಆದರೆ ತನ್ನ ದೋಣಿಯನ್ನು ಅಂಥದೊಂದು ಉಗಿದೋಣಿ ಎಳೆದುಕೊಂಡು ಹೋದಾಗ, ಅಡ್ಡ ಬರುವ ಸಣ್ಣ ದೋಣಿಗಳ ಮೇಲೆಯೇ ಅವನಿಗೆ ಸಿಟ್ಟು ಬರುತ್ತದೆ! ಈ ವ್ಯಾಜ್ಯದ ಬಗ್ಗೆ ಇಷ್ಟು ನಿಜವಾದ ಸಾಕ್ಷ್ಯವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ದೂರುಗಳು ಬೆಳೆದು, 1884ರಲ್ಲಿ ಪಾರ್ಲಿಮೆಂಟಿನ ಸಮಿತಿಯೊಂದು ವಿಚಾರಣೆ ನಡೆಸಿತು. ಮರುವರ್ಷ ಥೇಮ್ಸ್ ಸಂರಕ್ಷಣೆಯ ಶಾಸನವಾಯಿತು. ವಿಹಾರಕ್ಕಾಗಲಿ ವ್ಯಾಪಾರಕ್ಕಾಗಲಿ, ಈ ನದಿಯಲ್ಲಿ ದೋಣಿಯಿಂದ ಹೋಗಿಬರುವ ಹಕ್ಕು ಎಲ್ಲರಿಗೂ ಉಂಟೆಂದು ಅದು ಸಾರಿತು. ಆದರೆ ಸಾರ್ವಜನಿಕ ಕಾರಣಗಳಿಗಾಗಿ ಗೊತ್ತಾದ ಜಾಗವನ್ನು ಗೊತ್ತಾದ ಕಾಲ ಮುಚ್ಚುವ ಅಧಿಕಾರವನ್ನು ಕನ್ಸರ್ವೆನ್ಸಿಗೆ ಉಳಿಸಿತು. ಹಕ್ಕು ಎಲ್ಲರದು, ತಡೆ ಸ್ವಲ್ಪ ಹೊತ್ತಿನದು. ಮುಂದಿನ ಏರ್ಪಾಡೆಲ್ಲ ನಿಂತದ್ದು ಈ ‘ಸ್ವಲ್ಪ ಹೊತ್ತು’ ಎಂಬುದರ ಮೇಲೆ.

1886ರಲ್ಲಿ ಪಂದ್ಯದ ಹಾದಿಯನ್ನು ಬದಲಿಸಿದರು. ಆ ಶತಮಾನ ಮುಗಿಯುವುದರೊಳಗೆ ಗೂಟಗಳೂ ತೊಲೆಗಳೂ ಬಂದವು. 1924ರಲ್ಲಿ ಹಾದಿಯನ್ನು ನೇರ ಮಾಡಿದರು. ಉದ್ದ 1 ಮೈಲಿ 550 ಗಜ, ಅಗಲ ಸುಮಾರು 80 ಅಡಿ. ಬರ್ಕ್‌ಷೈರ್ ದಡದ ಕಡೆ ಪಂದ್ಯ. ಎದುರು ದಡದ ಕಡೆ ದಾರಿಹೋಕ ದೋಣಿಗಳಿಗೆ ಓಣಿ. ಮೋಟಾರನ್ನು ಪೂರ್ತಿ ಹೊರಗಿಡಲೂ ಆಗಲಿಲ್ಲ. ಪಂದ್ಯವನ್ನು ಹಿಂಬಾಲಿಸಿ ತೀರ್ಪು ಕೊಡುವ ಅಂಪೈರನಿಗೆ ಯಂತ್ರದ ದೋಣಿಯೇ ಬೇಕು. ಅದಕ್ಕಾಗಿ ಅಲೆಯೇಳದಂತೆ ಸಪೂರವಾದ ಉದ್ದ ದೋಣಿಗಳನ್ನು ಕಟ್ಟಿಸಿದರು.

ಇನ್ನು ಖರ್ಚು. ಗೂಟ ತೊಲೆಗಳ ವೆಚ್ಚ ಪಂದ್ಯದವರದೇ. 1919ರಲ್ಲಿ ಅವರು ದಡದಲ್ಲಿ ಸದಸ್ಯರಿಗಾಗಿ ಒಂದು ಆವರಣ ಮಾಡಿದರು. ಆ ಚಂದಾ ಹಣ ಇಂದಿಗೂ ಉತ್ಸವವನ್ನು ಹೊರುತ್ತಿದೆ. ನೀರುಬಾಗಿಲುಗಳನ್ನು ನೋಡಿಕೊಳ್ಳುವವರು ಬೇರೆ. ಕನ್ಸರ್ವೆನ್ಸಿ 1974ರಲ್ಲಿ ಹೋಗಿ, ಕೈಯಿಂದ ಕೈಗೆ ದಾಟಿ, 1996ರಿಂದ ಆ ಕೆಲಸ ಎನ್‌ವಿರಾನ್‌ಮೆಂಟ್ ಏಜೆನ್ಸಿಯ ಪಾಲಿಗೆ ಬಂದಿದೆ. ಅದು ದೋಣಿಗಳಿಂದ ವರ್ಷಕ್ಕೊಮ್ಮೆ ನೋಂದಣಿಯ ಹಣ ಎತ್ತುತ್ತದೆ. ಯಂತ್ರದ ದೊಡ್ಡ ದೋಣಿಗೆ ಹೆಚ್ಚು, ಹುಟ್ಟಿನ ದೋಣಿಗೆ ಕಡಮೆ. ಹೆಚ್ಚು ಕೊಡುವವನು ಓಣಿಯಲ್ಲಿ ಕಾಯಬೇಕೆ ಎಂದು ಮೋಟಾರಿನವನು ಕೇಳಿದರೆ ಆ ಮಾತಿನಲ್ಲಿ ನ್ಯಾಯವಿಲ್ಲವೆನ್ನಲಾರೆ. ಆದರೆ ಲಾಕು ಬೇಕಾದವನು, ಅಲೆ ಎಬ್ಬಿಸುವವನು ಅವನೇ. ನನ್ನ ಮನಸ್ಸು ಹುಟ್ಟಿನವರ ಕಡೆಗೆ ತುಸು ವಾಲುತ್ತದೆ.

ಪೂರ್ತಿ ವಾಲಲು ಬಿಡದ ಸಂಗತಿಯೂ ಒಂದಿದೆ. ಎಲ್ಲರಿಗೂ ಸೇರಿದ ನೀರಿಗೆ ಬೇಲಿ ಹಾಕಿಕೊಂಡ ಇದೇ ಪಂದ್ಯದವರು, 1879ರಲ್ಲಿ, ಕೈಕೆಲಸದಿಂದ ಜೀವಿಸುವವನು ತಮ್ಮಲ್ಲಿ ಸ್ಪರ್ಧಿಸಕೂಡದೆಂದು ನಿಯಮ ಮಾಡಿದ್ದರು. 1920ರಲ್ಲಿ ಅಮೆರಿಕದ ಜಾನ್ ಕೆಲ್ಲಿಯನ್ನು ಸೇರಿಸಲಿಲ್ಲ. ಅವನು ಇಟ್ಟಿಗೆ ಕಟ್ಟುವ ಕೆಲಸ ಮಾಡಿದವನು. ಅವನ ಕ್ಲಬ್ಬಿನ ಮೇಲೂ ನಿಷೇಧವಿತ್ತು. ಅದೇ ವರ್ಷ ಆಂಟ್‌ವರ್ಪಿನ ಒಲಿಂಪಿಕ್ಸಿನಲ್ಲಿ ಕೆಲ್ಲಿ ಚಿನ್ನ ಗೆದ್ದ. ಸೋತವನು ಆ ಸಲ ಹೆನ್ಲಿಯಲ್ಲಿ ಗೆದ್ದಿದ್ದ ಜ್ಯಾಕ್ ಬೆರೆಸ್‌ಫರ್ಡ್. ನಿಯಮವನ್ನು 1937ರಲ್ಲಿ ತೆಗೆದರು. ಕೆಲ್ಲಿಯ ಮಗ 1947ರಲ್ಲಿಯೂ 1949ರಲ್ಲಿಯೂ ಅಲ್ಲಿ ಗೆದ್ದ. 1981ರಲ್ಲಿ ಬಹುಮಾನ ಹಂಚಲು ಬಂದವಳು ಕೆಲ್ಲಿಯ ಮಗಳು, ಮೊನಾಕೋದ ರಾಣಿ ಗ್ರೇಸ್.

ಒಂದು ಮಧ್ಯಾಹ್ನದ ಪಂದ್ಯ 1906ರಲ್ಲಿ ನಾಲ್ಕು ದಿನಕ್ಕೆ, 1986ರಲ್ಲಿ ಐದಕ್ಕೆ, 2021ರಲ್ಲಿ ಆರಕ್ಕೆ ಬೆಳೆಯಿತು. ಶಾಸನದ ‘ಸ್ವಲ್ಪ ಹೊತ್ತು’ ಹೀಗೆ ಹಿಗ್ಗುತ್ತಿದೆ. ನಾನು ನೋಡಿದ ದಿನ ಸಂಜೆ ಪಂದ್ಯ ಮುಗಿದ ಮೇಲೂ ಓಣಿಯ ಸಾಲು ಕರಗಿರಲಿಲ್ಲ. ಒಂದು ಮೋಟಾರು ದೋಣಿಯಲ್ಲಿ ಮುದುಕನೊಬ್ಬ ಚುಕ್ಕಾಣಿಯನ್ನು ಮೊಣಕಾಲಿನಲ್ಲಿ ಒತ್ತಿಹಿಡಿದು ಪತ್ರಿಕೆ ಓದುತ್ತಿದ್ದ.