ಗೋರಿಕಲ್ಲು ಮತ್ತು ಮೃತ್ಯುಪತ್ರ

ಕಿತ್ತೂರಿನ ಕಾಳಗದ ಕಥೆಯನ್ನು ನಮ್ಮ ಕಡೆಯ ಮಕ್ಕಳಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ೧೮೨೪ನೆಯ ಇಸವಿ ಅಕ್ಟೋಬರ ೨೩ರಂದು ಆ ಕೋಟೆಯೆದುರು ಮಡಿದ ಕಲೆಕ್ಟರ ಸೇಂಟ್ ಜಾನ್ ಥ್ಯಾಕರೆಯ ಸ್ಮಾರಕಸ್ತಂಭವು ಧಾರವಾಡದಲ್ಲಿದೆ. ಈ ಥ್ಯಾಕರೆಯು ಯಾರು, ಅವನ ಬಂಧುಬಳಗವೆಂತಹದು ಎಂದು ಕೇಳಹೊರಟರೆ ಆ ದಾರಿಯು ಧಾರವಾಡದಿಂದ ಕಲಕತ್ತೆಗೆ ಹೋಗಿ, ಸ್ಮಾರಕಸ್ತಂಭಗಳಲ್ಲಿ ಎಲ್ಲಿಯೂ ಕೆತ್ತಿರದ ಹೆಸರುಗಳ ಬಳಿಗೆ ನಮ್ಮನ್ನು ಕರೆದೊಯ್ಯುವುದು. ಕಂಪನಿ ಸರಕಾರದ ಕಾಲದಲ್ಲಿ ಹಿಂದುಸ್ಥಾನದಲ್ಲಿ ಬಾಳಿದ ಆಂಗ್ಲರ ಚರಿತ್ರೆಯನ್ನು ಶೋಧಿಸುವವರು ಒಂದಿಲ್ಲೊಂದು ದಿನ ಈ ಹೆಸರುಗಳನ್ನು ಎದುರಿಸಲೇಬೇಕು.

ಶೋಧಕ್ಕೆ ಸಾಧನಗಳ ಕೊರತೆಯೇನೂ ಇಲ್ಲ. ಕಂಪನಿಯವರು ಮೂಲತಃ ವ್ಯಾಪಾರಸ್ಥರು; ಮೆಣಸಿನ ಮೂಟೆಗಳಂತೆಯೇ ಮನುಷ್ಯರ ಲೆಕ್ಕವನ್ನೂ ಇಟ್ಟವರು. ಮದರಾಸಿನ ಕೋಟೆಯೊಳಗಿನ ಸೇಂಟ್ ಮೇರಿ ಚರ್ಚು ೧೬೮೦ರಲ್ಲಿ ಪ್ರತಿಷ್ಠಿತವಾಯಿತು. ಅದೇ ವರ್ಷ ಅಲ್ಲಿಯ ಪುಸ್ತಕದಲ್ಲಿ ದಾಖಲಾದ ಮೊದಲನೆಯ ಮದುವೆಯು, ಮುಂದೆ ಮದರಾಸಿನ ಗವರ್ನರನಾಗಿ ಅಮೇರಿಕೆಯ ವಿದ್ಯಾಪೀಠವೊಂದಕ್ಕೆ ತನ್ನ ಹೆಸರನ್ನು ಕೊಟ್ಟ ಎಲಿಹು ಯೇಲನದು. ಜ್ಞಾನಸ್ನಾನ, ವಿವಾಹ, ಮರಣಗಳ ನಕಲುಪ್ರತಿಗಳು ಮದರಾಸಿನವು ೧೬೯೮ರಿಂದಲೂ, ಮುಂಬಯಿಯವು ೧೭೦೯ರಿಂದಲೂ, ಬಂಗಾಲದವು ೧೭೧೩ರಿಂದಲೂ ಲಂಡನ್ನಿನಲ್ಲಿ ದೊರೆಯುವುವು. ಇಂದು ಅವು ಬ್ರಿಟಿಷ್ ಲೈಬ್ರರಿಯ ವಶದಲ್ಲಿವೆ. ಮದರಾಸು ಇಲಾಖೆಯ ಗೋರಿಗಳ ಲೇಖಗಳನ್ನು ಜೂಲಿಯನ್ ಜೇಮ್ಸ್ ಕಾಟನ್ನನು ಸಂಗ್ರಹಿಸಿ ೧೯೦೫ರಲ್ಲಿ ಪ್ರಕಟಿಸಿದನು.

ಅಧಿಕಾರಿಗಳ ವಿಷಯದಲ್ಲಂತೂ ಕಾಗದಗಳು ಹೇರಳ. ಥ್ಯಾಕರೆಯ ಸಹಾಯಕರಲ್ಲೊಬ್ಬನಾಗಿ ಕಿತ್ತೂರಿನಲ್ಲಿ ಸೆರೆಸಿಕ್ಕು ಬಿಡುಗಡೆ ಹೊಂದಿದ ವಾಲ್ಟರ್ ಎಲಿಯಟ್ಟನು ಕನ್ನಡನಾಡಿನ ೫೯೫ ಶಾಸನಗಳ ಪ್ರತಿಗಳನ್ನು ಕೂಡಿಸಿ, ೧೮೮೭ರಲ್ಲಿ ಸ್ಕಾಟ್ಲಂಡದಲ್ಲಿ ತೀರಿಕೊಂಡನು. ನಮ್ಮ ಚಾಲುಕ್ಯರ ವಂಶಾವಳಿಯನ್ನು ಅಷ್ಟು ಶ್ರಮಪಟ್ಟು ಜೋಡಿಸಿದ ಇವನ ಆಯುಷ್ಯದ ವಿವರವನ್ನು ತಿಳಿಯಲು ನಮಗೆ ಯಾವ ಶ್ರಮವೂ ಬೇಕಿಲ್ಲ.

ಕಷ್ಟವು ಬೇರೆಡೆಯಲ್ಲಿದೆ. ಚರ್ಚಿನ ಪುಸ್ತಕಗಳಲ್ಲಿ ತಂದೆಯ ಹೆಸರು, ಹುದ್ದೆ, ಪಲ್ಟಣಗಳು ಸಾಂಗವಾಗಿರುತ್ತವೆ. ತಾಯಿಯು ಈ ದೇಶದವಳಾಗಿದ್ದರೆ ಎಷ್ಟೋ ಕಡೆ ಅವಳ ಸ್ಥಳವು ಬರಿದು; ಇಲ್ಲವೆ 'ದೇಶೀಯ ಸ್ತ್ರೀ' ಎಂಬ ಎರಡು ಮಾತುಗಳು. ಇದು ಕಾರಕೂನರ ಅಜಾಗರೂಕತೆಯೆಂದು ನಾನು ತಿಳಿಯಲಾರೆ. ಕಂಪನಿಯ ಕಾಯಿದೆಗಳ ದಿಕ್ಕೂ ಅದೇ ಆಗಿತ್ತು. ೧೭೮೬ರಲ್ಲಿ ಕಲಕತ್ತೆಯ ಅನಾಥಶಾಲೆಯ ಮಿಶ್ರವಂಶದ ಮಕ್ಕಳನ್ನು ವಿದ್ಯಾಭ್ಯಾಸಕ್ಕಾಗಿ ವಿಲಾಯತಿಗೆ ಕಳಿಸುವುದನ್ನು ನಿಷೇಧಿಸಿದರು. ೧೭೯೧ರಲ್ಲಿ ಹಿಂದುಸ್ಥಾನದ ತಾಯಿಯ ಮಕ್ಕಳಿಗೆ ಕಂಪನಿಯ ಮುಲ್ಕಿ, ಲಷ್ಕರಿ, ನೌಕಾ ಚಾಕರಿಗಳ ಬಾಗಿಲು ಮುಚ್ಚಿತು. ೧೭೯೫ರಲ್ಲಿ, ತಂದೆತಾಯಿಗಳಿಬ್ಬರೂ ಯುರೋಪಿಯನ್ನರಲ್ಲದವರು ಸೈನ್ಯದಲ್ಲಿ ಕೊಳಲೂದುವ, ನಗಾರಿ ಬಡಿಯುವ, ಕುದುರೆಗೆ ಲಾಳ ಕಟ್ಟುವ ಕೆಲಸಗಳಿಗಷ್ಟೇ ಅರ್ಹರೆಂದು ಗೊತ್ತುಮಾಡಿದರು. ಮಗನಿಗೆ ಅನ್ನ ಸಿಕ್ಕಬೇಕಾದರೆ ತಾಯಿಯನ್ನು ಮರೆಸಬೇಕೆಂದಾದಲ್ಲಿ ಯಾವ ತಂದೆಯು ತಾಯಿಯ ಹೆಸರನ್ನು ಬರೆಯಿಸಿಯಾನು?

ಆದರೆ ಸಾಯುವ ಕಾಲದಲ್ಲಿ ಮನುಷ್ಯನು ಚಾಕರಿಗೆ ಹೆದರುವುದಿಲ್ಲ. ಚರ್ಚಿನ ಪುಸ್ತಕವು ಮುಚ್ಚಿಟ್ಟುದನ್ನು ಮೃತ್ಯುಪತ್ರವು ಬಿಚ್ಚಿಡುತ್ತದೆ. ೧೭೮೦ರಿಂದ ೧೭೮೫ರವರೆಗಿನ ಬಂಗಾಲದ ಮೃತ್ಯುಪತ್ರಗಳನ್ನು ಎಣಿಸಿದವರು, ಸುಮಾರು ಮೂರಕ್ಕೊಂದರಲ್ಲಿ ದೇಶೀಯ ಸಂಗಾತಿಗೋ ಅವಳ ಮಕ್ಕಳಿಗೋ ಆಸ್ತಿ ಬಿಟ್ಟುದನ್ನು ಕಂಡಿರುವರು. ನಮ್ಮ ಥ್ಯಾಕರೆಯ ಅಣ್ಣತಮ್ಮಂದಿರಲ್ಲಿ ರಿಚ್‌ಮಂಡ್ ಥ್ಯಾಕರೆಯೆಂಬವನು ಬಂಗಾಲದಲ್ಲಿ ಕಲೆಕ್ಟರನಾಗಿದ್ದು ೧೮೧೫ರಲ್ಲಿ ಕಲಕತ್ತೆಯಲ್ಲಿ ಮೃತನಾದನು. ಪ್ರಸಿದ್ಧ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯು ಇವನ ಮಗ. ಆದರೆ ರಿಚ್‌ಮಂಡನ ಮೃತ್ಯುಪತ್ರದಲ್ಲಿ, ಮದುವೆಗೆ ಮುಂಚೆ ಹುಟ್ಟಿದ ಸಾರಾ ರೆಡ್‌ಫೀಲ್ಡ್ ಎಂಬ ಮಗಳಿಗೂ ಅವಳ ತಾಯಿಗೂ ವರ್ಷಾಶನ ಗೊತ್ತುಮಾಡಿದೆ. ಹೀಗೆ ಕಿತ್ತೂರಿನಲ್ಲಿ ಮಡಿದ ಕಲೆಕ್ಟರನಿಗೆ ಕಲಕತ್ತೆಯಲ್ಲಿ ಇನ್ನೊಬ್ಬ ಅಣ್ಣತಮ್ಮನ ಮಗಳಿದ್ದಳೆಂಬುದು, ಗೋರಿಕಲ್ಲು ಹೇಳದಿದ್ದರೂ, ಕಾಗದದಿಂದ ತಿಳಿದುಬರುತ್ತದೆ.

ಇಂತಹ ಕಾಗದಗಳಲ್ಲಿ ಹೈದರಾಬಾದಿನ ರೆಸಿಡೆಂಟನಾಗಿದ್ದ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ಕನದು ಮನಸ್ಸನ್ನು ಹಿಡಿಯುವಂತಹದು. ನಿಜಾಮನ ದರಬಾರಿನ ಉಚ್ಚ ಮನೆತನದ ಖೈರುನ್ನಿಸಾ ಬೇಗಮಳನ್ನು ಇವನು ೧೮೦೦ರಲ್ಲಿ ಮುಸಲ್ಮಾನರ ವಿಧಿಯಂತೆ ಲಗ್ನವಾದನು. ಮಗ ಸಾಹೇಬ ಆಲಂ, ಮಗಳು ಸಾಹೇಬ ಬೇಗಂ. ೧೮೦೫ರಲ್ಲಿ, ನಾಲ್ಕು ಮತ್ತು ಮೂರು ವರ್ಷಗಳ ಈ ಕೂಸುಗಳನ್ನು ವಿಲಾಯತಿಗೆ ಕಳಿಸಿದರು. ಹೊರಡುವ ಮುನ್ನ ಮದರಾಸಿನಲ್ಲಿ ಜಾರ್ಜ್ ಚಿನ್ನರಿಯು ಅವರ ಚಿತ್ರವನ್ನು ಬರೆದನು. ಆ ವರ್ಷವೇ ತಂದೆಯು ಕಲಕತ್ತೆಯಲ್ಲಿ ಕಾಲವಾದನು. ಅವನ ಮೃತ್ಯುಪತ್ರದಲ್ಲಿ ಮಕ್ಕಳ ತಾಯಿಯ ಹೆಸರು ಬಿಟ್ಟಿಲ್ಲ. ಗೌರವದ ವಿಶೇಷಣಗಳೊಡನೆ ಬರೆದು, ಸ್ವಂತ ಜಹಗೀರಿರುವುದರಿಂದ ಅವಳಿಗೆ ಬೇರೆ ಏರ್ಪಾಡು ಬೇಕಿಲ್ಲವೆಂದು ಹೇಳಿದೆ.

ವಿಲಾಯತಿಯಲ್ಲಿ ಮಕ್ಕಳಿಗೆ ಜ್ಞಾನಸ್ನಾನವಾಯಿತು. ಮಗನು ವಿಲಿಯಂ, ಮಗಳು ಕ್ಯಾಥರೀನ್ ಎನಿಸಿದರು. ಹಳೆಯ ಹೆಸರುಗಳು ಅಳಿದುವು. ಮಕ್ಕಳ ಮುಖವನ್ನು ಮತ್ತೆ ಕಾಣದೆಯೇ ಖೈರುನ್ನಿಸಾ ೧೮೧೩ರಲ್ಲಿ ತೀರಿಕೊಂಡಳು. ಬಹುಕಾಲದ ಮೇಲೆ, ೧೮೪೧ರಲ್ಲಿ, ಸಂಸಾರವಂತೆಯಾಗಿದ್ದ ಮಗಳಿಗೆ ಹೈದರಾಬಾದಿನಲ್ಲಿ ತನ್ನ ಅಜ್ಜಿ ಷರಫುನ್ನಿಸಾ ಇನ್ನೂ ಬದುಕಿರುವಳೆಂದು ತಿಳಿಯಿತು. ಮೊಮ್ಮಗಳು ಇಂಗ್ಲಿಷಿನಲ್ಲಿ ಬರೆದಳು. ಅಜ್ಜಿಯು ಪಾರಸಿಯಲ್ಲಿ ಹೇಳಿ ಬರೆಯಿಸಿದಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದ ಆ ಕಾಗದಗಳು ಭಾಷಾಂತರಕಾರರ ಕೈಯಿಂದ ಸಮುದ್ರವನ್ನು ದಾಟಿದುವು. ಅಜ್ಜಿಯು ೧೮೪೭ರಲ್ಲಿ ಮೃತಳಾದಳು. ಮೊಮ್ಮಗಳು ೧೮೮೯ರವರೆಗೆ ಬದುಕಿದ್ದಳು. ಅವರಿಬ್ಬರ ಭೇಟಿಯಾಗಲಿಲ್ಲ.