ವನ್ಯಜೀವಿ ಶೋಧನೆಯಲ್ಲಿ ಯಂತ್ರಕುಶಲರ ಪಾತ್ರ

ಪ್ರಾಣಿಶಾಸ್ತ್ರದ ಚರಿತ್ರೆಯು ಕಂಡವರನ್ನು ಸ್ಮರಿಸುವಷ್ಟು ಕಾಣಿಸಿದವರನ್ನು ಸ್ಮರಿಸುವುದಿಲ್ಲ. ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ರೇಡಿಯೋ ಯಂತ್ರಕುಶಲರಾದ ವಿಲಿಯಂ ಕಾಕ್ರನ್ನರು ಪ್ರಾಣಿಶಾಸ್ತ್ರಜ್ಞ ರೆಕ್ಸ್‌ಫರ್ಡ್ ಲಾರ್ಡರೊಡನೆ ಕೂಡಿ, ಕಾಡುಮೊಲದ ಮೈಗೆ ಕಟ್ಟಬಹುದಾದ ಕಿರಿಯ ಪ್ರೇಷಕಯಂತ್ರವನ್ನು ರಚಿಸಿದರು. ಅದು ಕಳುಹುವ ಸಂಕೇತವು ಯಾವ ದಿಕ್ಕಿನಿಂದ ಬರುವುದೆಂದು ಅರಿತು, ಕತ್ತಲಲ್ಲಿ ಮರೆಯಾದ ಜೀವಿಯ ನೆಲೆಯನ್ನು ನಿಶ್ಚಯಿಸುವುದು ಸಾಧ್ಯವಾಯಿತು. ೧೯೬೩ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ ಯಂತ್ರದ ರಚನಾಕ್ರಮವೂ ವಿವರಿಸಲ್ಪಟ್ಟುದರಿಂದ ವಿದ್ಯೆಯು ಅನ್ಯರಿಗೂ ದೊರೆಯಿತು. ೧೯೭೩ರಲ್ಲಿ ಕಾಕ್ರನ್ನರು ವಲಸೆಹೋಗುತ್ತಿದ್ದ ಥ್ರಷ್ ಹಕ್ಕಿಯೊಂದನ್ನು ಏಳು ರಾತ್ರಿಗಳ ಹಾರಾಟದಲ್ಲಿ ಸುಮಾರು ೧,೫೦೦ ಕಿಲೋಮೀಟರು ಹಿಂಬಾಲಿಸಿದರು. ೧೯೯೦ರಲ್ಲಿ ನಾಗರಹೊಳೆಯ ಹುಲಿಗಳಿಗೆ ಉಲ್ಲಾಸ ಕಾರಂತರು ತೊಡಿಸಿದ ರೇಡಿಯೋ ಕೊರಳಪಟ್ಟಿಯೂ ಈ ಪರಂಪರೆಯದೇ. ೧೯೬೩ರ ಆ ಲೇಖನದಲ್ಲಿ ಮೊದಲ ಹೆಸರು ಕಾಕ್ರನ್ನರದು. ಉಪಕರಣವನ್ನು ರಚಿಸಿದವರೂ ಶಾಸ್ತ್ರಕರ್ತರೇ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.