ದತ್ತಸಂಚಯ ಕಡತಗಳ ಗುಪ್ತಪದ: ಕ್ರಮವಿಧಿಯ ಮೂಲಕ ನಿರ್ವಹಣೆ

ಮೈಕ್ರೋಸಾಫ್ಟ್ ಆಕ್ಸೆಸ್ ತಂತ್ರಾಂಶದಲ್ಲಿ ರಚಿಸಿದ ದತ್ತಸಂಚಯ ಕಡತಕ್ಕೆ ವಿಷುಯಲ್ ಬೇಸಿಕ್ ಕ್ರಮವಿಧಿಯ ಮೂಲಕವೂ ಗುಪ್ತಪದವನ್ನು ನೀಡಬಹುದಾಗಿದೆ.

ವಿಧಾನ: ಮೊದಲು ಕಡತದ ಪ್ರತಿಯೊಂದನ್ನು ಸುರಕ್ಷಿತವಾಗಿ ತೆಗೆದಿರಿಸತಕ್ಕದ್ದು. ಬಳಿಕ ಮೂಲ ಕಡತವನ್ನು ಅದೇ ಸಮಯದಲ್ಲಿ ಬೇರಾರೂ ಬಳಸಲಾಗದಂತೆ ತೆರೆದು, ಡಿಎಒ ಸೌಲಭ್ಯದ 'ನ್ಯೂಪಾಸ್‌ವರ್ಡ್' ಆಜ್ಞೆಗೆ ಹಳೆಯ ಹಾಗೂ ಹೊಸ ಗುಪ್ತಪದಗಳನ್ನು ಅನುಕ್ರಮವಾಗಿ ಒದಗಿಸಬೇಕು. ಮೊದಲ ಬಾರಿ ನೀಡುವಾಗ ಹಳೆಯದರ ಸ್ಥಾನದಲ್ಲಿ, ರದ್ದುಪಡಿಸುವಾಗ ಹೊಸದರ ಸ್ಥಾನದಲ್ಲಿ, ಅಕ್ಷರವಿಲ್ಲದ ಉದ್ಧರಣ ಚಿಹ್ನೆಗಳನ್ನು ಇಡಬೇಕು. ಗುಪ್ತಪದವು 20 ಅಕ್ಷರಗಳನ್ನು ಮೀರಬಾರದು. ಇಂಗ್ಲಿಷಿನ ದೊಡ್ಡ ಹಾಗೂ ಸಣ್ಣ ಅಕ್ಷರಗಳು ಬೇರೆಬೇರೆಯಾಗಿ ಪರಿಗಣಿತವಾಗುತ್ತವೆ.

ಎಚ್ಚರಿಕೆ: ಗುಪ್ತಪದವನ್ನು ಕ್ರಮವಿಧಿಯೊಳಗೇ ಬರೆದಿಟ್ಟರೆ ಅದನ್ನು ಓದಬಲ್ಲವರೆಲ್ಲರಿಗೂ ತಿಳಿಯುವುದು. ಹಳೆಯ ಎಂಡಿಬಿ ಕಡತಗಳಲ್ಲಿ ಗುಪ್ತಪದವು ಮಾಹಿತಿಯನ್ನು ಗೂಢಲಿಪಿಗೆ ಪರಿವರ್ತಿಸುವುದಿಲ್ಲ. 2007ರ ಆವೃತ್ತಿಯಲ್ಲಿ ಬಂದ ಎಸಿಸಿಡಿಬಿ ಕಡತಗಳಲ್ಲಿ ಪರಿವರ್ತಿಸುತ್ತದೆ. ಮರೆತ ಗುಪ್ತಪದವನ್ನು ಆಕ್ಸೆಸ್ ಮರಳಿ ತಿಳಿಸುವುದಿಲ್ಲ. ಆದುದರಿಂದ ಅದನ್ನು ಮೊಹರು ಮಾಡಿದ ಲಕೋಟೆಯಲ್ಲಿ ಕಚೇರಿ ಮುಖ್ಯಸ್ಥರ ವಶದಲ್ಲಿರಿಸುವುದು ಸೂಕ್ತ.

ಮಿತಿ: ಒಂದೇ ಗುಪ್ತಪದವನ್ನು ಎಲ್ಲರೂ ಬಳಸುವುದರಿಂದ ನಮೂದನ್ನು ತಿದ್ದಿದವರು ಯಾರೆಂಬುದು ಅದರಿಂದ ತಿಳಿಯದು. ಬದನಗುಪ್ಪೆಯ ರೈತರ ಪಹಣಿಯಂತಹ ದಾಖಲೆಯಲ್ಲಿ ಒಂದು ಹೆಸರು ಬದಲಾದರೂ ಜಮೀನಿನ ಹಕ್ಕಿಗೆ ಧಕ್ಕೆಯಾದೀತು. ರಾಜ್ಯದ 'ಭೂಮಿ' ಯೋಜನೆಯಲ್ಲಿ ಸಿಬ್ಬಂದಿಯನ್ನು ಬೆರಳಚ್ಚಿನಿಂದ ಗುರುತಿಸುವ ವ್ಯವಸ್ಥೆಯನ್ನು ಅಳವಡಿಸಿ, ಪ್ರತಿ ಬದಲಾವಣೆಗೂ ಹೊಣೆಗಾರರನ್ನು ನಿಗದಿಪಡಿಸಲಾಯಿತು.